ರಾತ್ರಿ ಹನ್ನೊಂದಕ್ಕೂ ಫ್ಯಾನಿನಿಂದ ಬಿಸಿ ಗಾಳಿ ಏಕೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಹಳೆಯ ಹಂಚಿನ ಮನೆಯ ಚಾವಡಿಯನ್ನು ಹಾಗೇ ಉಳಿಸಿಕೊಂಡು ಹಿಂದೆ ತಾರಸಿ ಮನೆ ಕಟ್ಟಿ ಎಂಟು ವರ್ಷವಾಯಿತು. ಐದು ಫ್ಯಾನುಗಳಿವೆ, ಎಲ್ಲವೂ ಆಗಲೇ ಹಾಕಿಸಿದ ಸಾಧಾರಣ ಫ್ಯಾನುಗಳು. ಮಾವನಿಗೆ 81 ವರ್ಷ, ಹೆಚ್ಚು ಹೊತ್ತು ಮಲಗಿಯೇ ಇರುತ್ತಾರೆ. ಅವರ ಕೋಣೆಯ ಫ್ಯಾನು ದಿನಕ್ಕೆ 18 ಗಂಟೆಯಾದರೂ ತಿರುಗುತ್ತದೆ. ಚಾವಡಿಯದ್ದು 14 ಗಂಟೆ, ನಮ್ಮ ಕೋಣೆಯದ್ದು 9, ಮಗಳ ಕೋಣೆಯದ್ದು 7, ಊಟದ ಕೋಣೆಯದ್ದು 3. ಮಾರ್ಚ್ ಬಂದರೆ ಸಾಕು, ರಾತ್ರಿ ಹನ್ನೊಂದಾದರೂ ಫ್ಯಾನಿನಿಂದ ಬರುವುದು ಬಿಸಿ ಗಾಳಿ. ಕಳೆದ ಬೇಸಗೆಯಲ್ಲಿ ಎರಡು ತಿಂಗಳ ಬಿಲ್ಲು 560 ಯೂನಿಟ್ ಬಂತು. ಬೆಂಗಳೂರಿನಲ್ಲಿರುವ ಮಗ ಐದೂ ಫ್ಯಾನು ತೆಗೆದು, ಕರೆಂಟು ಕಡಿಮೆ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಹಾಕಿಸಿ ಎನ್ನುತ್ತಾನೆ. ವಯರಿಂಗಿನವರು ಸಿಡಿಲಿಗೆ ಅವು ನಿಲ್ಲುವುದಿಲ್ಲ ಎನ್ನುತ್ತಾರೆ. ಸ್ಪೀಡು ಕಡಿಮೆ ಇಟ್ಟರೂ ಕರೆಂಟು ಅಷ್ಟೇ ಹೋಗುತ್ತದೆ ಎಂದು ನೆರೆಮನೆಯವರ ಮಾತು. ಫ್ಯಾನನ್ನು ಉಲ್ಟಾ ತಿರುಗಿಸಿದರೆ ಬಿಸಿ ಮೇಲಕ್ಕೆ ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ಮನೆ ತಂಪಾಗಿರಲಿ ಎಂದು ಚಾವಡಿಯ ಫ್ಯಾನನ್ನು ನಾವು ಹಗಲು ಆರಿಸುವುದೇ ಇಲ್ಲ. ಮಾವನ ಕೋಣೆಗಾದರೂ ಎ.ಸಿ. ಹಾಕಿಸುವುದೇ? ಇನ್ನೊಂದು, ಆ ಕೋಣೆಯ ಮೇಲೆ ತಾರಸಿಯಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಶೀಟಿನ ಸೋಲಾರ್ ಗೂಡು ಮಾಡಿದ್ದೇವೆ. ಅದರಿಂದ ತೊಂದರೆ ಏನಾದರೂ ಇದೆಯೇ?

ಉತ್ತರ: ಕೊನೆಗೆ ಸೇರಿಸಿದ ಎರಡು ಸಾಲನ್ನು ನೀವು ಮೊದಲೇ ಬರೆಯಬೇಕಿತ್ತು. ನಿಮ್ಮ ಸೆಕೆಯ ಮೂಲ ಬಹುಮಟ್ಟಿಗೆ ಅಲ್ಲೇ ಇದೆ. ಅಲ್ಲಿಗೆ ಬರುತ್ತೇನೆ. ಅದಕ್ಕಿಂತ ಮೊದಲು ಫ್ಯಾನು ಮಾಡುವ ಕೆಲಸ ಯಾವುದು, ಮಾಡದ ಕೆಲಸ ಯಾವುದು ಎಂದು ಬೇರ್ಪಡಿಸಿಕೊಳ್ಳೋಣ. ನಿಮಗೆ ಸಿಕ್ಕಿದ ಸಲಹೆಗಳೆಲ್ಲ ಅಲ್ಲೇ ಒಂದಕ್ಕೊಂದು ಸಿಕ್ಕಿಕೊಂಡಿವೆ.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ಮೈ ಮೇಲಿನ ಬೆವರು ಬೇಗ ಆರುವಂತೆ ಮಾಡುತ್ತದೆ, ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯನ್ನು ಸರಿಸುತ್ತದೆ, ಅಷ್ಟೇ. ಬೆವರು ಆರುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ, ನಮಗೆ ಹಾಯೆನಿಸುತ್ತದೆ. ಗಾಳಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ವೇಗದಲ್ಲಿ ಮೈಗೆ ತಾಗುತ್ತಿದ್ದರೆ ಕೋಣೆಯ ಬಿಸಿ ಎರಡು ಮೂರು ಡಿಗ್ರಿ ಇಳಿದಷ್ಟು ಹಿತವಾಗುತ್ತದೆ. ಆದರೆ ಗೋಡೆಗೆ ನೇತುಹಾಕಿದ ಥರ್ಮಾಮೀಟರಿಗೆ ಬೆವರಿಲ್ಲ, ಅದರ ಅಂಕಿ ಕದಲುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಂಕಿ ಸ್ವಲ್ಪ ಏರಿದರೂ ಆಶ್ಚರ್ಯವಿಲ್ಲ, ಏಕೆಂದರೆ ಫ್ಯಾನು ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಆ ಕೋಣೆಯೊಳಗೇ ಉಳಿಯುತ್ತದೆ.

ಹೀಗಾಗಿ ಚಾವಡಿಯಲ್ಲಿ ಯಾರೂ ಇಲ್ಲದಾಗ ತಿರುಗುವ ಫ್ಯಾನಿನಿಂದ ಮನೆಗೆ ಯಾವ ಉಪಕಾರವೂ ಇಲ್ಲ. 14 ಗಂಟೆಯಲ್ಲಿ ಆರು ಗಂಟೆ ಅಲ್ಲಿ ಜನವಿಲ್ಲ ಎಂದು ಇಟ್ಟುಕೊಳ್ಳಿ. 75 ವ್ಯಾಟಿನ ಫ್ಯಾನು ಆರು ಗಂಟೆ ಸುಮ್ಮನೆ ತಿರುಗಿದರೆ ದಿನಕ್ಕೆ 0.45 ಯೂನಿಟ್, ಬಿಲ್ಲಿನ ಅರುವತ್ತು ದಿನಕ್ಕೆ 27 ಯೂನಿಟ್. ಒಂದು ರೂಪಾಯಿ ಖರ್ಚಿಲ್ಲದೆ ಉಳಿಯುವುದು ಇದೊಂದೇ, ಆದ್ದರಿಂದ ಇದನ್ನೇ ಮೊದಲು ಹೇಳಿದೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಚಾವಡಿಯ ಸ್ವಿಚ್ಚು ಬಾಗಿಲ ಹಿಂದೆಯೋ ಕಪಾಟಿನ ಮರೆಯಲ್ಲೋ ಇರುತ್ತದೆ. ಆರಿಸಬೇಕೆಂದು ಗೊತ್ತಿದ್ದರೂ ಯಾರೂ ಆರಿಸುವುದಿಲ್ಲ. ಸ್ವಿಚ್ಚನ್ನು ಹೊರಗೆ ಹೋಗುವ ಬಾಗಿಲ ಪಕ್ಕಕ್ಕೆ ತಂದುಬಿಟ್ಟರೆ ಈ ಅಭ್ಯಾಸ ತಾನಾಗಿ ಬರುತ್ತದೆ.

ಇನ್ನು ಬಿಸಿ ಗಾಳಿಯ ವಿಷಯ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಂಚಿನ ಸಂದಿನಿಂದ ಬಿಸಿ ಹೊರಗೆ ಹೋಗುತ್ತಿತ್ತು. ಕೆಳಗೆ ಮರದ ಮುಚ್ಚಿಗೆಯೂ ಇದ್ದರೆ ಮಾಡಿನ ಕಾವು ಅಟ್ಟದಲ್ಲೇ ನಿಲ್ಲುತ್ತಿತ್ತು. ತಾರಸಿಯ ಸ್ವಭಾವ ಬೇರೆ. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿಯುತ್ತದೆ, ಆ ಬಿಸಿ ಮೇಲಿನಿಂದ ಕೆಳಗಿನ ಮೈಗೆ ಇಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಒಲೆ ನಂದಿಸಿದ ಮೇಲೂ ಕಬ್ಬಿಣದ ಕಾವಲಿ ಸುಡುತ್ತಲೇ ಇರುವ ಹಾಗೆ, ಹೊರಗೆ ತಣ್ಣಗಾದ ಮೇಲೂ ತಾರಸಿ ಕೋಣೆಯೊಳಕ್ಕೆ ಕಾವು ಬಿಡುತ್ತಿರುತ್ತದೆ. ನಮ್ಮ ಫ್ಯಾನು ನೇತಾಡುವುದು ಅದರ ಕೆಳಗೇ. ಸೂರಿಗೆ ತಾಗಿಕೊಂಡಿರುವ ಅತ್ಯಂತ ಬಿಸಿಯ ಗಾಳಿಯನ್ನೇ ಎಳೆದು ನಿಮ್ಮ ಮೈ ಮೇಲೆ ಸುರಿಯುತ್ತದೆ. ಫ್ಯಾನಿನಲ್ಲಿ ದೋಷವಿಲ್ಲ. ಹೊಸ ಫ್ಯಾನು ಹಾಕಿದರೂ ಅದೇ ಗಾಳಿ ಬರುತ್ತದೆ, ಕರೆಂಟು ಮಾತ್ರ ಕಡಿಮೆ.

ರಾತ್ರಿ ಹತ್ತು ಗಂಟೆಗೆ ಫ್ಯಾನು ಆರಿಸಿ, ಸ್ಟೂಲು ಇಟ್ಟು ಹತ್ತಿ ಅಂಗೈಯನ್ನು ಸೂರಿಗೆ ಒತ್ತಿ ನೋಡಿ. ಮೊದಲು ನಿಮ್ಮ ಕೋಣೆಯಲ್ಲಿ, ಆಮೇಲೆ ಮಾವನ ಕೋಣೆಯಲ್ಲಿ. ಸೋಲಾರ್ ಗೂಡಿನ ಕೆಳಗಿನ ಸೂರು ಹೆಚ್ಚು ಬಿಸಿಯಿರುತ್ತದೆ ಎಂಬುದು ನನ್ನ ಅಂದಾಜು. ಆ ಗೂಡು ಮಾಡಿದ್ದೇ ಬಿಸಿಲನ್ನು ಒಳಗೆ ಬಿಟ್ಟು ಕಾವನ್ನು ಹೊರಗೆ ಬಿಡದಿರಲು. ಅಡಿಕೆ ಬೇಗ ಒಣಗುವುದು ಅದರಿಂದಲೇ. ಬರೀ ತಾರಸಿಗಾದರೆ ಸಂಜೆಯ ಗಾಳಿ ತಾಗುತ್ತದೆ, ರಾತ್ರಿ ಆಕಾಶಕ್ಕೆ ಕಾವು ಬಿಟ್ಟು ತಣಿಯುತ್ತದೆ. ಗೂಡಿನೊಳಗಿನ ತಾರಸಿಗೆ ಈ ಎರಡೂ ಇಲ್ಲ. ಬದಿಯಡ್ಕ, ಮುಳ್ಳೇರಿಯ ಕಡೆಯೂ ಇಂಥ ಮನೆಗಳನ್ನು ನೋಡಿದ್ದೇನೆ. ಕೆಳಗಿನ ಕೋಣೆಯವರು ಫ್ಯಾನನ್ನು ಬೈಯುತ್ತಿರುತ್ತಾರೆ, ಮೇಲೆ ಅಡಿಕೆ ಚೆನ್ನಾಗಿ ಒಣಗುತ್ತಿರುತ್ತದೆ.

ಗೂಡು ಕಿತ್ತು ಬಿಸಾಡಿ ಎಂದು ಅಡಿಕೆ ಬೆಳೆಯುವವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಸುಲಭದ ದಾರಿ ಬೇರೆ ಇದೆ: ಮಾರ್ಚಿನಿಂದ ಮಳೆ ಹಿಡಿಯುವ ತನಕ ಮಾವನ ಮಂಚವನ್ನು ಹಂಚಿನ ಚಾವಡಿಗೆ ತನ್ನಿ. ಹಿರಿಯರು ಒಪ್ಪುತ್ತಾರೋ, ಶೌಚಾಲಯ ಎಷ್ಟು ದೂರ, ರಾತ್ರಿ ಎದ್ದರೆ ಯಾರಿಗೆ ಕೇಳಿಸುತ್ತದೆ ಎಂಬುದೆಲ್ಲ ನಿಮಗೇ ಗೊತ್ತು. ಅದಾಗದಿದ್ದರೆ ಬರುವ ವರ್ಷ ಗೂಡನ್ನು ಅಂಗಳಕ್ಕೋ, ಅಡುಗೆಮನೆಯ ಹಿಂದಿನ ಭಾಗದ ಮೇಲಕ್ಕೋ, ಒಟ್ಟಿನಲ್ಲಿ ಕೆಳಗೆ ಯಾರೂ ಮಲಗದ ಕಡೆಗೆ ಬದಲಾಯಿಸಿ. ಅದೂ ಆಗದಿದ್ದರೆ ಅಡಿಕೆಯನ್ನು ತಾರಸಿಯ ಮೇಲೇ ಹರಡುವ ಬದಲು ಒಂದೆರಡು ಅಡಿ ಎತ್ತರದ ಅಟ್ಟಳಿಗೆಯ ಮೇಲೆ ಹರಡಿ, ಸಂಜೆ ಗೂಡಿನ ಎರಡೂ ತುದಿ ತೆರೆದಿಡಿ. ಅಡಿಕೆ ಒಣಗುವುದು ತುಸು ನಿಧಾನವಾಗಬಹುದು. ಸೀಸನ್ ಮುಗಿದ ದಿನವೇ ಶೀಟು ಸುತ್ತಿಡಿ. ಮೇ ತಿಂಗಳಲ್ಲಿ ಖಾಲಿ ಗೂಡು ಬಿಸಿಲಿಗೆ ನಿಂತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಅದರಿಂದ ಯಾರಿಗೂ ಲಾಭವಿಲ್ಲ.

ಉಳಿದ ತಾರಸಿಗೆ ಏನು ಮಾಡಬಹುದು? ಊರಲ್ಲೆಲ್ಲ ಈಗ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುತ್ತಿದ್ದಾರೆ. ಹಾಕಿಸುವುದು ಮಳೆಗೆಂದಾದರೂ ಸೆಕೆಗೂ ಅದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ, ಸುತ್ತ ತೆರೆದಿದ್ದು ಗಾಳಿ ಆಡುತ್ತಿದ್ದರೆ ಮಾತ್ರ. ನಾಲ್ಕೂ ಕಡೆ ಮುಚ್ಚಿ ಉಗ್ರಾಣ ಮಾಡಿಬಿಟ್ಟರೆ ಮೊದಲಿನ ಕಥೆಯೇ. ಖರ್ಚು ದೊಡ್ಡದು, ಗಾಳಿಮಳೆಗೆ ಕಂಬಗಳು ಗಟ್ಟಿ ನಿಲ್ಲಬೇಕು, ಪಂಚಾಯತಿನಲ್ಲಿ ಒಮ್ಮೆ ವಿಚಾರಿಸಿಕೊಂಡೇ ಹೊರಡಿ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸುವುದು ಅಗ್ಗ. ಬಳಿದ ವರ್ಷ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಊರು ನಮ್ಮದು. ಪಾಚಿ ಹಿಡಿದು ಕಪ್ಪಾದ ಬಿಳಿ ಬಣ್ಣಕ್ಕೆ ಆ ಗುಣವಿಲ್ಲ. ಫೆಬ್ರವರಿಯಲ್ಲಿ ಉಜ್ಜಿ ತೊಳೆಯುವ ಕೆಲಸ ವರ್ಷವೂ ಇರುತ್ತದೆ. ತಾರಸಿಗೆ ನೀರು ಬಿಡುವವರೂ ಇದ್ದಾರೆ. ಏಪ್ರಿಲಿನಲ್ಲಿ, ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಬೆರಳ ದಪ್ಪಕ್ಕೆ ಇಳಿದಿರುವಾಗ ಅದನ್ನು ತಾರಸಿಗೆ ಸುರಿಯಿರಿ ಎಂದು ನಾನಂತೂ ಹೇಳಲಾರೆ. ಸಣ್ಣ ಬಿರುಕಿದ್ದರೆ ಸೋರಿಕೆಯೂ ಶುರುವಾಗುತ್ತದೆ.

ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಬಹುದು. ನಿಮ್ಮ ಕೋಣೆಯ ಮೇಲಿನ ಭಾಗಕ್ಕೆ ಮಾತ್ರ ತೆಂಗಿನ ಮಡಲು ಒತ್ತಾಗಿ ಹಾಸಿ, ಮಗಳ ಕೋಣೆಯ ಮೇಲೆ ಹಾಸಬೇಡಿ. ವಾರ ಕಳೆದ ಮೇಲೆ ರಾತ್ರಿ ಎರಡೂ ಕೋಣೆಯ ಸೂರು ಮುಟ್ಟಿ ಹೋಲಿಸಿ. ವ್ಯತ್ಯಾಸ ಚೆನ್ನಾಗಿದ್ದರೆ ಶೀಟಿಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಒಣ ಮಡಲಿಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು, ಅಡಿಯಲ್ಲಿ ಚೇಳು ಸೇರಿಕೊಳ್ಳುವುದುಂಟು, ಮೊದಲ ಮಳೆಗೆ ಮುಂಚೆ ತೆಗೆಯದಿದ್ದರೆ ತಾರಸಿಯ ನೀರಿನ ಪೈಪು ಕಟ್ಟುತ್ತದೆ.

ತಾರಸಿ ಸರಿಯಾಗುವ ತನಕ ರಾತ್ರಿ ಮಾಡಬಹುದಾದದ್ದು ಹೊರಗಿನ ಗಾಳಿಯನ್ನು ಒಳಗೆ ತರುವುದು. ಒಂಬತ್ತು, ಹತ್ತು ಗಂಟೆಯ ಹೊತ್ತಿಗೆ ಜಗಲಿಯಲ್ಲಿ ಕೂತರೆ ಹಿತ, ಒಳಗೆ ಬಂದರೆ ಬೇಗೆ ಎಂದಾದರೆ ಹೊರಗಿನ ಗಾಳಿ ಒಳಗಿನದ್ದಕ್ಕಿಂತ ತಂಪು ಎಂದಾಯಿತಲ್ಲ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನು ಒಳಗಿನ ಗಾಳಿಯನ್ನೇ ಕಲಕುತ್ತಿರುತ್ತದೆ. ಒಂದು ಟೇಬಲ್ ಫ್ಯಾನನ್ನು ಕಿಟಕಿಗೆ ಹೊರಮುಖವಾಗಿ ಇಡಿ, ಎದುರಿನ ಕಿಟಕಿ ಅಥವಾ ಬಾಗಿಲು ತೆರೆಯಿರಿ. ಊದುಬತ್ತಿ ಹಚ್ಚಿ ತೆರೆದ ಕಿಟಕಿಯ ಬಳಿ ಹಿಡಿದರೆ ಹೊಗೆ ಒಳಕ್ಕೆ ಬಾಗುವುದು ಕಾಣಿಸುತ್ತದೆ, ಹಾಗೆ ಬಾಗಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಮಲಗುವ ಮೊದಲು ಅರ್ಧ, ಮುಕ್ಕಾಲು ಗಂಟೆ ಹೀಗೆ ಮಾಡಿ ಆಮೇಲೆ ಸೀಲಿಂಗ್ ಫ್ಯಾನು ಹಾಕಿ. ಬೆಳಿಗ್ಗೆ ಬಿಸಿಲೇರುವ ಮೊದಲು ಆ ಕಡೆಯ ಕಿಟಕಿಗಳನ್ನು ಮುಚ್ಚಿಬಿಡಿ. ಕಿಟಕಿಗೆ ಸೊಳ್ಳೆ ಜಾಲರಿ ಬೇಕೇ ಬೇಕು, ಆದರೆ ಅದು ಗಾಳಿಯನ್ನು ತಡೆಯುತ್ತದೆ, ಧೂಳು ಕೂತರೆ ಮತ್ತಷ್ಟು. ತಿಂಗಳಿಗೊಮ್ಮೆ ಬ್ರಶ್ ಹಾಕಿ. ಹಾಸಿಗೆಗೆ ಸೊಳ್ಳೆ ಪರದೆ ಕಟ್ಟುವವರಿಗೆ ಮೇಲಿನ ಫ್ಯಾನಿಗಿಂತ ಕಾಲ ಬದಿಗೆ ಹತ್ತಿರ ಇಟ್ಟ ಪೆಡೆಸ್ಟಲ್ ಫ್ಯಾನು ಮೇಲು.

ಈಗ ಫ್ಯಾನಿಗೆ ಬರೋಣ. ಹೊಸದು ಕೊಳ್ಳುವ ಮೊದಲು ಇರುವುದನ್ನು ನೋಡಿ. ಎಂಟು ವರ್ಷದ ಫ್ಯಾನು ಮೊದಲಿನಷ್ಟು ಗಾಳಿ ಕೊಡುತ್ತಿಲ್ಲ ಎಂದಾದರೆ ಹೆಚ್ಚಿನ ಸಲ ಕಾರಣ ಕೆಪಾಸಿಟರ್. ಮೇಲಿನ ಬಟ್ಟಲಿನೊಳಗೆ ಕಡ್ಡಿಪೆಟ್ಟಿಗೆ ಗಾತ್ರದ ಸಣ್ಣ ಡಬ್ಬಿ ಇರುತ್ತದಲ್ಲ, ಅದು. ಸಾಮಾನ್ಯವಾಗಿ ಅದರ ಮೇಲೆ 2.5 ಎಂಎಫ್‌ಡಿ ಎಂದು ಬರೆದಿರುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಫ್ಯಾನು ನಿಧಾನವಾಗುತ್ತದೆ. ಅದೇ ಅಂಕಿಯದ್ದನ್ನು ತಂದು ಹಾಕಿಸಿದರೆ ಮತ್ತೆ ಚುರುಕಾಗುತ್ತದೆ, ಖರ್ಚು ತೀರಾ ಕಡಿಮೆ. ಹೆಚ್ಚು ಸ್ಪೀಡು ಬರಲಿ ಎಂದು ದೊಡ್ಡ ಅಂಕಿಯದ್ದು ಹಾಕುವವರಿದ್ದಾರೆ. ಹಾಕಬೇಡಿ, ವೈಂಡಿಂಗ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಕೆಪಾಸಿಟರ್ ಬದಲಾಯಿಸಿದರೂ ಸಂಜೆ ಏಳರಿಂದ ಹತ್ತರ ತನಕ ಮಾತ್ರ ಫ್ಯಾನು ಸೊರಗುತ್ತದೆ ಎಂದಾದರೆ ಅದು ವೋಲ್ಟೇಜ್ ಕಡಿಮೆಯಾಗಿ. ಸಾಧಾರಣ ಫ್ಯಾನಿನ ಬಲ ವೋಲ್ಟೇಜ್ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ಬರೆದು ಕೊಡಿ, ನೆರೆಯವರೂ ಸಹಿ ಹಾಕಲಿ.

ತೂಗುಹಾಕಿದ ಎತ್ತರವನ್ನೂ ಅಳೆಯಿರಿ. ರೆಕ್ಕೆಗೂ ಸೂರಿಗೂ ನಡುವೆ ಒಂದು ಅಡಿಯಾದರೂ ತೆರಪು ಬೇಕು, ರೆಕ್ಕೆಯಿಂದ ನೆಲಕ್ಕೆ ಎಂಟು ಅಡಿಗೆ ಕಡಿಮೆಯಾಗಬಾರದು. ನೀರ್ಚಾಲು ಬದಿಯ ಒಂದು ಮನೆಯಲ್ಲಿ ಮಲಗುವ ಕೋಣೆಗೆ ಚಂದಕ್ಕೆಂದು ಜಿಪ್ಸಂ ಸೀಲಿಂಗ್ ಮಾಡಿಸಿ ರಾಡನ್ನು ಬದಲಾಯಿಸದೆ ಬಿಟ್ಟಿದ್ದರು. ಜಿಪ್ಸಮ್ಮಿಗೂ ರೆಕ್ಕೆಗೂ ನಡುವೆ ನಾಲ್ಕು ಬೆರಳು. ಮೇಲಿನಿಂದ ಎಳೆದುಕೊಳ್ಳಲು ಗಾಳಿಯೇ ಇಲ್ಲದ ಮೇಲೆ ಕೆಳಗೆ ಕೊಡುವುದೇನು? ಫ್ಯಾನು ಪೂರ್ತಿ ಸ್ಪೀಡಿನಲ್ಲಿ ಸದ್ದು ಮಾಡುತ್ತಿತ್ತು, ಹಾಸಿಗೆಯ ಮೇಲಿನ ಹೊದಿಕೆ ಅಲುಗುತ್ತಿರಲಿಲ್ಲ. ಮೊದಲಿನದ್ದಕ್ಕಿಂತ ಎಂಟು ಇಂಚು ಹೆಚ್ಚು ಉದ್ದದ ರಾಡು ಹಾಕಿಸಿದ ಮೇಲೆ ಅದೇ ಫ್ಯಾನನ್ನು ಮೂರಕ್ಕೆ ಇಟ್ಟು ಮಲಗುತ್ತಾರೆ. ನಿಮ್ಮ ಚಾವಡಿಯಲ್ಲಿ ತೊಂದರೆ ತಿರುಗಾಮುರುಗಾ ಇರಬಹುದು. ಹಂಚಿನ ಮಾಡಿನ ಅಡ್ಡಕ್ಕೆ ಕಟ್ಟಿದ ಫ್ಯಾನು ತೀರ ಎತ್ತರದಲ್ಲಿದ್ದರೆ ಗಾಳಿ ಕೆಳಗೆ ಬರುವಷ್ಟರಲ್ಲಿ ಹರಡಿಹೋಗುತ್ತದೆ, ಅಲ್ಲೂ ಉದ್ದದ ರಾಡೇ ಮದ್ದು. ಇನ್ನೊಂದು ಸಣ್ಣ ವಿಷಯ: ಗಾಳಿ ಜೋರಾಗಿ ಬೀಳುವುದು ರೆಕ್ಕೆಗಳ ಕೆಳಗೆ, ನಟ್ಟ ನಡುವಿನ ಮೋಟರಿನ ಕೆಳಗಲ್ಲ. ಮಂಚವನ್ನು ಒಂದೆರಡು ಅಡಿ ಅತ್ತಿತ್ತ ಸರಿಸಿ ನೋಡಿ.

ನೆರೆಮನೆಯವರ ಮಾತು ಪೂರ್ತಿ ಸುಳ್ಳಲ್ಲ, ಹಳೆಯ ಕಾಲಕ್ಕೆ ಸರಿ. ಮೊದಲು ಕೈಯಷ್ಟು ದೊಡ್ಡ ರೆಗ್ಯುಲೇಟರ್ ಪೆಟ್ಟಿಗೆಗಳಿದ್ದವು, ಮುಟ್ಟಿದರೆ ಬಿಸಿ. ಒಳಗೆ ಸುತ್ತಿದ ತಂತಿ ಕರೆಂಟನ್ನು ಕಾವು ಮಾಡಿ ಕಳೆದು ಫ್ಯಾನಿಗೆ ಕಡಿಮೆ ಕೊಡುತ್ತಿತ್ತು. ಉಳಿತಾಯ ಹೆಸರಿಗೆ ಮಾತ್ರ. ಎಂಟು ವರ್ಷದ ಹಿಂದಿನ ನಿಮ್ಮ ಸ್ವಿಚ್ ಬೋರ್ಡಿನಲ್ಲಿರುವ ಪುಟ್ಟ ತಿರುಗುಗುಂಡಿ ಎಲೆಕ್ಟ್ರಾನಿಕ್ ಆಗಿರಬೇಕು. ಅದರಲ್ಲಿ ಸ್ಪೀಡು ಇಳಿಸಿದರೆ ಕರೆಂಟೂ ನಿಜವಾಗಿ ಇಳಿಯುತ್ತದೆ. ಮುಂಜಾವ ಚಳಿ ಎಂದು ಹೊದಿಕೆ ಎಳೆದುಕೊಳ್ಳುವ ಬದಲು ಗುಂಡಿ ತಿರುಗಿಸಿದರೆ ಲಾಭವಿದೆ.

ಉಲ್ಟಾ ತಿರುಗಿಸುವ ಸಲಹೆ ಚಳಿ ದೇಶದ್ದು. ಅಲ್ಲಿ ಹೀಟರು ಹಾಕಿದ ಕೋಣೆಯಲ್ಲಿ ಬಿಸಿ ಗಾಳಿ ಸೂರಿನಲ್ಲಿ ನಿಂತುಬಿಡುತ್ತದೆ, ಅದನ್ನು ಗೋಡೆಯ ಬದಿಯಿಂದ ಮೆಲ್ಲಗೆ ಕೆಳಗಿಳಿಸಲು ಫ್ಯಾನನ್ನು ಹಿಂದುಮುಂದಾಗಿ ಓಡಿಸುತ್ತಾರೆ. ನಮಗೆ ಬೇಕಾದದ್ದು ಮೈಗೆ ತಾಗುವ ಗಾಳಿ, ಉಲ್ಟಾ ತಿರುಗಿದರೆ ಅದೇ ತಪ್ಪಿಹೋಗುತ್ತದೆ. ಬಿಸಿ ಮೇಲಕ್ಕೆ ಹೋದರೂ ಹೋಗುವುದೆಲ್ಲಿಗೆ? ಮೇಲೆ ಇರುವುದು ಕಾದ ತಾರಸಿ.

ಬಿಎಲ್‌ಡಿಸಿ ವಿಷಯದಲ್ಲಿ ಮಗ ಹೇಳುವುದೂ ಸರಿ, ವಯರಿಂಗಿನವರು ಹೇಳುವುದೂ ಸರಿ. ಪೂರ್ತಿ ಸ್ಪೀಡಿನಲ್ಲಿ ಸಾಧಾರಣ ಫ್ಯಾನು 70ರಿಂದ 80 ವ್ಯಾಟ್ ಎಳೆದರೆ ಇದು 28ರಿಂದ 35. ಮೋಟರಿನೊಳಗೆ ಕಾಯಂ ಅಯಸ್ಕಾಂತ ಇರುವುದರಿಂದ, ಅದನ್ನು ಓಡಿಸಲು ಎಲೆಕ್ಟ್ರಾನಿಕ್ ಬೋರ್ಡು ಇರುವುದರಿಂದ ಕಾವಾಗಿ ಹೋಗುವ ಕರೆಂಟು ತುಂಬ ಕಡಿಮೆ. ವೋಲ್ಟೇಜ್ ಇಳಿದರೂ ಸ್ಪೀಡು ಹೆಚ್ಚು ಕಡಿಮೆಯಾಗುವುದಿಲ್ಲ, ನಮ್ಮ ಒಳನಾಡಿಗೆ ಇದೇ ದೊಡ್ಡ ಗುಣ. ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದಿದ್ದರೆ ಇನ್ವರ್ಟರಿನಲ್ಲಿ ಒಂದು ಹಳೆಯ ಫ್ಯಾನು ಓಡುವಷ್ಟಕ್ಕೆ ಇಂಥವು ಎರಡು ಓಡುತ್ತವೆ.

ಆದರೆ ಬೋರ್ಡೇ ಅದರ ಬಲಹೀನತೆ. ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಸಂಜೆಯ ಸಿಡಿಲು ನಮಗೆ ಹೊಸದಲ್ಲ. ಲೈನಿನಲ್ಲಿ ಬರುವ ಒಂದು ಏಟಿಗೆ ಬೋರ್ಡು ಹೋಗಬಹುದು. ಹಳೆಯ ಫ್ಯಾನಿನ ಕಾಯಿಲ್ ಸುಟ್ಟರೆ ಪೇಟೆಯಲ್ಲಿ ರಿವೈಂಡಿಂಗ್ ಮಾಡುವವರು ಕಟ್ಟಿಕೊಡುತ್ತಾರೆ. ಇದರ ಬೋರ್ಡು ಆ ಕಂಪೆನಿಯದ್ದೇ ಆಗಬೇಕು. ಅದಕ್ಕೆ ಮೂರು ಎಚ್ಚರಿಕೆ ಹೇಳುತ್ತೇನೆ. ರಿಮೋಟಿನಲ್ಲಿ ಆರಿಸಿದರೆ ಬೋರ್ಡಿಗೆ ಕರೆಂಟು ಹೋಗುತ್ತಲೇ ಇರುತ್ತದೆ, ಮಳೆಮೋಡ ಕಟ್ಟಿದಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ, ಗುಡುಗು ಹತ್ತಿರವಾಗುವ ಮುಂಚೆಯೇ ಮೈನನ್ನೂ ಇಳಿಸಿದರೆ ಇನ್ನೂ ಒಳ್ಳೆಯದು. ಡಿಬಿಯಲ್ಲಿ, ಅಂದರೆ ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ, ಲೈನಿನ ಏಟು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಕ್ಕಿಂತ ಮೊದಲು ಅರ್ತಿಂಗ್ ನೋಡಿಸಿ, ಅರ್ತಿಂಗ್ ಕೆಟ್ಟಿದ್ದರೆ ಪ್ರೊಟೆಕ್ಟರ್ ಅಲಂಕಾರಕ್ಕೆ ಮಾತ್ರ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಕಾದು ಒಣಗಿ ಅರ್ತಿನ ಗುಂಡಿಗೆ ಹಸಿಯೇ ಇರುವುದಿಲ್ಲ. ಫೆಬ್ರವರಿಯಿಂದ ವಾರಕ್ಕೊಮ್ಮೆ ಅದಕ್ಕೆ ಒಂದೆರಡು ಕೊಡ ನೀರು ಹೊಯ್ಯಿರಿ. ಮನೆಯ ಪಕ್ಕದ ತೆಂಗಿಗೇ ಸಿಡಿಲು ಬಡಿದರೆ ಇದ್ಯಾವುದೂ ಕಾಯಲಾರದು, ಆಗ ಟಿ.ವಿ.ಯೂ ಹೋಗುತ್ತದೆ.

ಐದೂ ಬದಲಾಯಿಸಬೇಕೆ ಎಂದರೆ ಬೇಡ. ಲೆಕ್ಕ ನೋಡಿ. ನೀವು ಕೊಟ್ಟ ಗಂಟೆಗಳನ್ನು ಕೂಡಿದರೆ ದಿನಕ್ಕೆ 51. ಎಲ್ಲ ಫ್ಯಾನೂ ಪೂರ್ತಿ ಸ್ಪೀಡಿನಲ್ಲಿ 75 ವ್ಯಾಟ್ ಎಂದರೆ ಎರಡು ತಿಂಗಳಿಗೆ ಸುಮಾರು 230 ಯೂನಿಟ್, ಬಿಲ್ಲಿನ ಐದರಲ್ಲಿ ಎರಡು ಪಾಲು. ಮಾವನ ಕೋಣೆಯ ಫ್ಯಾನನ್ನು 30 ವ್ಯಾಟಿನದ್ದಕ್ಕೆ ಬದಲಾಯಿಸಿದರೆ ಒಂದು ಬಿಲ್ಲಿಗೆ 48 ಯೂನಿಟ್ ಉಳಿಯುತ್ತದೆ, ನಿಮ್ಮ ಕೋಣೆಯದ್ದಕ್ಕೆ 24. ಚಾವಡಿಯದ್ದನ್ನು ಆರಿಸಿದ 27 ಸೇರಿಸಿ. ಒಟ್ಟು ನೂರರ ಹತ್ತಿರ, 560 ಇದ್ದದ್ದು 460ಕ್ಕೆ ಇಳಿಯುತ್ತದೆ. ಊಟದ ಕೋಣೆಯಲ್ಲಿ ಮೂರು ಗಂಟೆ ತಿರುಗುವ ಫ್ಯಾನನ್ನು ಬದಲಾಯಿಸಿದರೆ ಉಳಿಯುವುದು ಎಂಟು ಯೂನಿಟ್. ಅದರ ಹಣ ಹುಟ್ಟಲು ವರ್ಷಗಟ್ಟಲೆ ಕಾಯಬೇಕು.

ಆ ನೂರು ಯೂನಿಟ್ಟಿಗೆ ಇನ್ನೊಂದು ಬೆಲೆಯಿದೆ. ಕೇರಳದ ಮನೆ ಬಿಲ್ಲಿನಲ್ಲಿ ತಿಂಗಳಿಗೆ 250, ಅಂದರೆ ಎರಡು ತಿಂಗಳ ಬಿಲ್ಲಿಗೆ 500 ಯೂನಿಟ್ ತನಕ ಹಂತ ಹಂತವಾಗಿ ದರ, ಮೊದಲ ಹಂತಗಳಿಗೆ ಕಡಿಮೆ, ಮೇಲಿನವಕ್ಕೆ ಹೆಚ್ಚು. 500 ದಾಟಿದಿರೋ, ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಬೇಸಗೆಯ ಬಿಲ್ಲು ಒಮ್ಮೆಲೇ ಹಾರಿ ಕೂರುವುದು ಇದರಿಂದ, ಮೀಟರು ಕೆಟ್ಟಿದೆ ಎಂದು ಜನ ಆಫೀಸಿಗೆ ಓಡುವುದೂ ಇದರಿಂದಲೇ. ನೀವು ಗಡಿಯಿಂದ ಅರುವತ್ತೇ ಯೂನಿಟ್ ಆಚೆ ಇದ್ದೀರಿ.

ಎ.ಸಿ. ಹಾಕಿಸಿದರೆ ಈ ಗಡಿಯ ಮಾತೇ ಇಲ್ಲ. ಒಂದು ಟನ್ನಿನದ್ದು ರಾತ್ರಿ ಎಂಟು ಗಂಟೆ ಹೊತ್ತು ಓಡಲು ಐದಾರು ಯೂನಿಟ್ ಎಂದು ಹಿಡಿದರೂ ಎರಡು ತಿಂಗಳಿಗೆ 300ಕ್ಕೆ ಮೇಲೆ. ಸೂರಿನ ಮೇಲೆ ಸೋಲಾರ್ ಗೂಡು ಇಟ್ಟುಕೊಂಡು ಕೆಳಗೆ ಎ.ಸಿ. ಓಡಿಸಿದರೆ ಒಂದು ಯಂತ್ರ ಬಿಸಿ ಮಾಡಿದ್ದನ್ನು ಇನ್ನೊಂದು ಯಂತ್ರ ತಣಿಸುತ್ತಾ ಕೂರುತ್ತದೆ, ದುಡ್ಡು ಕೊಡುವವರು ನೀವು. ಎಲ್ಲ ಮಾಡಿಯೂ ಹಿರಿಯರಿಗೆ ನಿದ್ದೆಯಿಲ್ಲ, ವೈದ್ಯರೂ ಬೇಕೆನ್ನುತ್ತಾರೆ ಎಂದಾದರೆ ಹಾಕಿಸಿ, ಅದರಲ್ಲಿ ಹಿಂಜರಿಕೆ ಬೇಡ. ಆಗ 26 ಅಥವಾ 27 ಡಿಗ್ರಿಗೆ ಇಟ್ಟು ಫ್ಯಾನನ್ನು ಸಣ್ಣಗೆ ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಎ.ಸಿ.ಯ ಕರೆಂಟು ಸುಮಾರು ನೂರಕ್ಕೆ ಆರರಷ್ಟು ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಕೊಡುವ ಲೆಕ್ಕ. 20ಕ್ಕೆ ಇಟ್ಟು ಕಂಬಳಿ ಹೊದೆಯುವ ಚಾಳಿ ಬಿಟ್ಟರೆ ಆಯಿತು.

ಮಾವನ ವಿಷಯದಲ್ಲಿ ಇನ್ನೊಂದು ಮಾತು. ವಯಸ್ಸಾದ ಮೇಲೆ ಬೆವರುವುದು ಕಡಿಮೆ, ಬಾಯಾರಿಕೆಯೂ ತಿಳಿಯುವುದಿಲ್ಲ. ಬೆವರಿಲ್ಲದ ಮೈಗೆ ಫ್ಯಾನಿನಿಂದ ಸಿಗುವ ತಂಪು ನಮಗೆ ಸಿಗುವಷ್ಟಿರುವುದಿಲ್ಲ. ತೀರ ಬೇಗೆಯ ಮಧ್ಯಾಹ್ನಗಳಲ್ಲಿ ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತು ಒರಸಿ ಆಮೇಲೆ ಫ್ಯಾನು ಹಾಕಿ, ಬೆವರಿನ ಕೆಲಸವನ್ನು ಆ ನೀರು ಮಾಡುತ್ತದೆ. ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ನಮ್ಮಲ್ಲಿ ನೆರಳಿನಲ್ಲಿ ಅಷ್ಟು ಏರುವುದು ಅಪರೂಪ, ಆದರೆ ಆ ಗೂಡಿನ ಕೆಳಗಿನ ಕೋಣೆಯಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ. ಮಾತು ತೊದಲಿದರೆ, ಮಂಪರು ಹೆಚ್ಚಾದರೆ, ಮೈ ಕೆಂಡದಂತಿದ್ದರೆ ಫ್ಯಾನಿನ ಕೆಳಗೆ ಇಟ್ಟು ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಕೊಳ್ಳುವಾಗ ವ್ಯಾಟು ಒಂದನ್ನೇ ನೋಡಬೇಡಿ. ಗಾಳಿಯನ್ನೇ ಕಡಿಮೆ ಮಾಡಿ ಕರೆಂಟು ಕಡಿಮೆ ತೋರಿಸುವವೂ ಇವೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಗಾಳಿಯ ಪ್ರಮಾಣವೂ ಅದರಲ್ಲೋ ಡಬ್ಬಿಯ ಮೇಲೋ ಇರುತ್ತದೆ. 1200 ಮಿಲಿಮೀಟರಿನ ಫ್ಯಾನಿಗೆ ನಿಮಿಷಕ್ಕೆ 210 ಘನ ಮೀಟರಿಗಿಂತ ಮೇಲಿದ್ದರೆ ಒಳ್ಳೆಯದು. ರೆಕ್ಕೆ ನಾಲ್ಕಿದ್ದರೆ ಗಾಳಿ ಹೆಚ್ಚು ಎಂಬುದನ್ನು ನಂಬಬೇಡಿ, ರೆಕ್ಕೆಯ ಓರೆ ಮತ್ತು ಸ್ಪೀಡು ಮುಖ್ಯ. ಬೋರ್ಡಿಗೆ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಕಾಸರಗೋಡಿನಲ್ಲೋ ಪುತ್ತೂರಿನಲ್ಲೋ ಸಿಗುತ್ತದೋ, ಬಿಲ್ಲು ಮಾಡಿಸುವ ಮೊದಲೇ ಕೇಳಿ. ಬಿಎಲ್‌ಡಿಸಿಯನ್ನು ಹಳೆಯ ರೆಗ್ಯುಲೇಟರಿನ ಮೂಲಕ ಓಡಿಸಬಾರದು, ಅದನ್ನು ತಪ್ಪಿಸಿ ನೇರ ಕೊಡಿಸಿ. ಇಳಿಸಿದ ಎರಡು ಹಳೆಯ ಫ್ಯಾನುಗಳನ್ನು ಗುಜರಿಗೆ ಹಾಕದೆ, ಕಳಚಿದ ರೆಗ್ಯುಲೇಟರುಗಳ ಜೊತೆ ಕಟ್ಟಿ ಅಟ್ಟದಲ್ಲಿಡಿ. ಸಿಡಿಲಿಗೆ ಬೋರ್ಡು ಹೋಗಿ ಹೊಸದು ಬರುವ ತನಕ ಮಾವನ ಕೋಣೆಗೆ ಒಂದು ಬೇಕಾಗುತ್ತದೆ.